ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಲಿನಕ್ಸ್: ಮನೆಯ ಲ್ಯಾಪ್‌ಟಾಪ್‌ಗೆ ಕೈ ಹಚ್ಚದೆ

ದಾವಣಗೆರೆಯ ಅಶೋಕ ರಸ್ತೆ ಹತ್ತಿರ ನನ್ನ ಡಿಟಿಪಿ ಕೆಲಸ. ಮನೆ ನಿಟ್ಟುವಳ್ಳಿಯಲ್ಲಿ. ತಿಂಗಳಿಗೆ ಒಂದೆರಡು ಸಲ ಚಿತ್ರದುರ್ಗಕ್ಕೆ, ಅಕ್ಕನ ಮನೆಗೆ ಹೋಗುತ್ತೇನೆ. ಮೂರು ಕಡೆ ಮೂರು ಬೇರೆ ಕಂಪ್ಯೂಟರ್. ಆದರೆ ನಾನು ತೆರೆಯುವುದು ಒಂದೇ ಡೆಸ್ಕ್‌ಟಾಪ್. ಅದೇ ಫೈಲು, ಅದೇ ಫಾಂಟು, ಅರ್ಧಕ್ಕೆ ಬಿಟ್ಟ ಅದೇ ಲಗ್ನಪತ್ರಿಕೆ. ಎಲ್ಲವೂ ಅಂಗಿ ಜೇಬಿನಲ್ಲಿ ಹಿಡಿಸುವ ಒಂದು ಡಿಸ್ಕ್‌ನಲ್ಲಿದೆ. ಅದರಲ್ಲಿ ಲಿನಕ್ಸ್, ಅಂದರೆ ವಿಂಡೋಸ್ ತರಹದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್, ಪೂರ್ತಿ ಇನ್‌ಸ್ಟಾಲ್ ಆಗಿದೆ. ಯುಎಸ್‌ಬಿ ಕೇಬಲ್ ಚುಚ್ಚಿ ಆನ್ ಮಾಡಿದರೆ ನನ್ನ ಲಿನಕ್ಸ್. ಡಿಸ್ಕ್ ತೆಗೆದು ಆನ್ ಮಾಡಿದರೆ ಅವರ ವಿಂಡೋಸ್, ಇದ್ದ ಹಾಗೇ.

ಲಿನಕ್ಸ್ ಕಲಿಯಬೇಕು ಅನ್ನುವ ಆಸೆ ತುಂಬಾ ಜನಕ್ಕಿದೆ. ಆದರೆ ಮನೆಯಲ್ಲಿ ಇರುವುದು ಒಂದೇ ಲ್ಯಾಪ್‌ಟಾಪ್. ಅದರಲ್ಲಿ ಅಪ್ಪಾಜಿಯ ಬ್ಯಾಂಕ್ ಕೆಲಸ, ತಂಗಿಯ ಪ್ರಾಜೆಕ್ಟು, ಮದುವೆ ಫೋಟೋ ಎಲ್ಲ ಇರುತ್ತವೆ. ಅದರ ವಿಂಡೋಸ್ ಪಕ್ಕದಲ್ಲಿ ಇನ್ನೊಂದು ಸಿಸ್ಟಮ್ ಹಾಕೋಕೆ ಯಾರಿಗಾದರೂ ಭಯವೇ. ಇನ್ನೊಂದು ಕಡೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಿಡಿಸದ ಲ್ಯಾಪ್‌ಟಾಪ್‌ಗಳು ಮನೆಮನೆಯಲ್ಲಿವೆ. ಇವರಿಗೆಲ್ಲ ಹೊರಗಿನ ಡಿಸ್ಕ್ ಒಳ್ಳೆಯ ದಾರಿ. ಒಳಗಿನ ಡಿಸ್ಕ್ ಮುಟ್ಟದೆ, ಲಿನಕ್ಸ್‌ನಲ್ಲಿ ನಿಮ್ಮ ದಿನದ ಕೆಲಸ ನಡೆಯುತ್ತದಾ ಅಂತ ತಿಂಗಳುಗಟ್ಟಲೆ ನೋಡಬಹುದು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಪೆನ್‌ಡ್ರೈವ್‌ನಿಂದ ಲೈವ್ ಲಿನಕ್ಸ್ (ಇನ್‌ಸ್ಟಾಲ್ ಮಾಡದೆಯೇ ಓಡುವ ಲಿನಕ್ಸ್) ನಡೆಸುವುದು ಬೇರೆ, ಇದು ಬೇರೆ. ಲೈವ್‌ನಲ್ಲಿ ನೀವು ಮಾಡಿದ ಕೆಲಸ ಕಂಪ್ಯೂಟರ್ ಆಫ್ ಮಾಡಿದ ಕೂಡಲೇ ಹೋಗುತ್ತದೆ. ಉಳಿಸಿಕೊಳ್ಳುವ ವ್ಯವಸ್ಥೆ ಮಾಡಬಹುದು, ಆದರೆ ಅಪ್‌ಡೇಟ್ ಎಲ್ಲ ಸರಿಯಾಗಿ ಆಗುವುದಿಲ್ಲ. ನಾನು ಹೇಳುತ್ತಿರುವುದು ಒಳಗಿನ ಡಿಸ್ಕ್‌ಗೆ ಹಾಕುವ ಹಾಗೆಯೇ ಹೊರಗಿನ ಡಿಸ್ಕ್‌ಗೆ ಪೂರ್ತಿ ಇನ್‌ಸ್ಟಾಲ್ ಮಾಡುವುದು. ಪಾಸ್‌ವರ್ಡ್, ಅಪ್‌ಡೇಟ್, ಹೊಸ ಸಾಫ್ಟ್‌ವೇರ್ ಎಲ್ಲ ಅದರಲ್ಲೇ ಉಳಿಯುತ್ತದೆ.

ಯಾವ ಡಿಸ್ಕ್?

ಹಣ ಹೊಂದಿದರೆ ಎಸ್‌ಎಸ್‌ಡಿ, ಅಂದರೆ ಒಳಗೆ ತಿರುಗುವ ಭಾಗ ಇಲ್ಲದ ಡಿಸ್ಕ್, ತಗೊಳ್ಳಿ. ಸಿಸ್ಟಮ್ ನಡೆಯುವಾಗ ಸಾವಿರಾರು ಸಣ್ಣ ಸಣ್ಣ ಫೈಲುಗಳನ್ನು ಓದುತ್ತಾ ಇರುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ಸೋಲುವುದು ಅಲ್ಲೇ. ನನ್ನ ಮೊದಲ ಡಿಸ್ಕ್ ತಿರುಗುವಂಥದ್ದು. ಅದು ಶುರುವಾಗಿ ಬ್ರೌಸರ್ ತೆರೆಯುವ ಹೊತ್ತಿಗೆ ಎರಡು ನಿಮಿಷದ ಹತ್ತಿರ ಆಗುತ್ತಿತ್ತು. ಕೆಲಸ ಮಾಡಲು ಆಗುವುದೇ ಇಲ್ಲ ಅಂತಲ್ಲ, ಕಲಿಯೋಕೆ ಸಾಕು. ಮನೆಯಲ್ಲಿ ಸುಮ್ನೆ ಬಿದ್ದಿರುವ ಹಾರ್ಡ್ ಡಿಸ್ಕ್ ಇದ್ದರೆ ಅದರಲ್ಲೇ ಶುರು ಮಾಡಿ. ಓಡುತ್ತಿರುವಾಗ ಮಾತ್ರ ಅಲುಗಾಡಿಸಬೇಡಿ, ಮಂಚದ ಮೇಲೆ ಇಡಬೇಡಿ. ನಮ್ಮ ಊರಿನ ಏಪ್ರಿಲ್ ಬಿಸಿಲಲ್ಲಿ ಹಾಸಿಗೆ ಮೇಲಿಟ್ಟ ಡಿಸ್ಕ್ ಮುಟ್ಟೋಕಾಗದಷ್ಟು ಕಾಯುತ್ತದೆ. ಪೆನ್‌ಡ್ರೈವ್‌ಗೆ ಪೂರ್ತಿ ಇನ್‌ಸ್ಟಾಲ್ ಮಾಡುವುದು ಬೇಡ. ಸಾಮಾನ್ಯ ಪೆನ್‌ಡ್ರೈವ್ ಇಷ್ಟೊಂದು ಬರೆಯುವ ಕೆಲಸಕ್ಕೆ ಮಾಡಿದ್ದಲ್ಲ. ನಿಧಾನವಾಗುತ್ತದೆ, ಬೇಗ ಸವೆಯುತ್ತದೆ.

ಹಳೆಯ ಲ್ಯಾಪ್‌ಟಾಪ್‌ನಿಂದ ತೆಗೆದ ಎರಡೂವರೆ ಇಂಚಿನ ಎಸ್‌ಎಸ್‌ಡಿ ಇದ್ದರೆ ಒಂದು ಯುಎಸ್‌ಬಿ ಕೇಸ್ ತಂದು ಅದರಲ್ಲಿ ಕೂರಿಸಿ. ಅಷ್ಟೇ, ಎಕ್ಸ್‌ಟರ್ನಲ್ ಡಿಸ್ಕ್ ತಯಾರು. ಮೂರೂವರೆ ಇಂಚಿನ ದೊಡ್ಡ ಡಿಸ್ಕ್ ಮಾತ್ರ ಈ ಕೆಲಸಕ್ಕೆ ಬೇಡ. ಅದಕ್ಕೆ ಬೇರೆ ಅಡಾಪ್ಟರ್ ಬೇಕು. ಮಧ್ಯಾಹ್ನ ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡುತ್ತಿರುತ್ತದೆ, ಡಿಸ್ಕ್ ಮಾತ್ರ ಸತ್ತುಹೋಗುತ್ತದೆ. ಓಡುತ್ತಿರುವ ಸಿಸ್ಟಮ್‌ನ ಕಾಲಡಿಯ ನೆಲವನ್ನೇ ಎಳೆದ ಹಾಗೆ. ಯುಎಸ್‌ಬಿಯಿಂದಲೇ ಕರೆಂಟ್ ತಗೊಳ್ಳುವ ಸಣ್ಣ ಡಿಸ್ಕ್‌ಗೆ ಈ ತಾಪತ್ರಯ ಇಲ್ಲ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲೇಬೇಕು.

ಇನ್ನು ಪೋರ್ಟ್. ಯುಎಸ್‌ಬಿ 2ರ ವೇಗ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ ನಿಜವಾಗಿ ಸಿಗುವುದು 30ರಿಂದ 40 ಎಂಬಿ. ಯುಎಸ್‌ಬಿ 3ರ ವೇಗ ಅದರ ಹತ್ತು ಪಟ್ಟು. ಒಳಗೆ ನೀಲಿ ಪ್ಲಾಸ್ಟಿಕ್ ಕಾಣುವ ಪೋರ್ಟ್ ಸಾಮಾನ್ಯವಾಗಿ ಯುಎಸ್‌ಬಿ 3. ಅದಕ್ಕೇ ಹಾಕಿ. ಕರೆಂಟ್ ಲೆಕ್ಕವೂ ಇದೆ. ಯುಎಸ್‌ಬಿ 2 ಕೊಡುವುದು 500 ಮಿಲಿಆಂಪ್, ಯುಎಸ್‌ಬಿ 3 ಕೊಡುವುದು 900. ಹಳೆಯ ಪೋರ್ಟ್‌ಗೆ ಹಾಕಿದಾಗ ತಿರುಗುವ ಡಿಸ್ಕ್ ಕಟ್ ಕಟ್ ಅಂತ ಸದ್ದು ಮಾಡಿ ನಿಂತರೆ ಅದಕ್ಕೆ ಕರೆಂಟ್ ಸಾಲುತ್ತಿಲ್ಲ ಅಂತಲೇ ಎಷ್ಟೋ ಸಲ ಅರ್ಥ. ಡೆಸ್ಕ್‌ಟಾಪ್‌ನಲ್ಲಿ ಮುಂದಿನ ಪೋರ್ಟ್ ಬಿಟ್ಟು ಹಿಂದೆ ಮದರ್‌ಬೋರ್ಡ್‌ನಲ್ಲೇ ಇರುವ ಪೋರ್ಟ್‌ಗೆ ಹಾಕಿ.

ಯಾವ ಲಿನಕ್ಸ್?

ಲಿನಕ್ಸ್‌ನಲ್ಲಿ ಹಲವು ಬಗೆ ಇವೆ. ಲಿನಕ್ಸ್ ಮಿಂಟ್ ಹಾಕಿ. ಮೊದಲ ಸಲ ಮಾಡುವವರಿಗೆ ನಾನು ಬೇರೆ ಹೆಸರು ಹೇಳುವುದಿಲ್ಲ. ವಿಂಡೋಸ್ ಬಳಸಿದವರಿಗೆ ಅದರ ಮೆನು, ಕೆಳಗಿನ ಪಟ್ಟಿ ಎಲ್ಲ ಪರಿಚಯದ್ದೇ ಅನಿಸುತ್ತದೆ. ಮಿಂಟ್ 22 ಸರಣಿ 2024ರಲ್ಲಿ ಬಂತು. 2029ರವರೆಗೆ ಅಪ್‌ಡೇಟ್ ಸಿಗುತ್ತದೆ. 4 ಜಿಬಿ ರ‍್ಯಾಮ್ ಇದ್ದರೆ ಚೆನ್ನಾಗಿ ನಡೆಯುತ್ತದೆ. ಅದಕ್ಕಿಂತ ಕಮ್ಮಿ ಇದ್ದರೆ ಸಿನ್ನಮನ್ ಎಂಬ ಡೆಸ್ಕ್‌ಟಾಪ್ ಬದಲು ಹಗುರವಾದ ಎಕ್ಸ್‌ಎಫ್‌ಸಿಇ ಇರುವ ಆವೃತ್ತಿ ಇಳಿಸಿಕೊಳ್ಳಿ.

ಬೇಕಾದ ಸಾಮಾನು ಮೂರೇ. ಇನ್‌ಸ್ಟಾಲರ್ ಹಾಕಲು 4 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್, ಲಿನಕ್ಸ್ ಹೋಗಿ ಕೂರಬೇಕಾದ ಎಕ್ಸ್‌ಟರ್ನಲ್ ಡಿಸ್ಕ್, ಕೆಲಸ ಮಾಡಲು ಒಂದು ಕಂಪ್ಯೂಟರ್. ಮಿಂಟ್ ಜಾಲತಾಣದಿಂದ ಐಎಸ್‌ಒ ಫೈಲ್ (ಇಡೀ ಇನ್‌ಸ್ಟಾಲರ್ ಇರುವ ಒಂದೇ ಫೈಲ್) ಇಳಿಸಿಕೊಳ್ಳಿ. ಸುಮಾರು 3 ಜಿಬಿ ಇರುತ್ತದೆ. ವಿಂಡೋಸ್‌ನಲ್ಲಿ ರುಫಸ್ ಅಥವಾ ಎಚರ್ ಬಳಸಿ ಅದನ್ನು ಪೆನ್‌ಡ್ರೈವ್‌ಗೆ ಬರೆಯಿರಿ. ಸುಮ್ನೆ ಕಾಪಿ ಮಾಡಿ ಪೇಸ್ಟ್ ಮಾಡಿದರೆ ಬೂಟ್ ಆಗುವುದಿಲ್ಲ, ಅಂದರೆ ಕಂಪ್ಯೂಟರ್ ಅದರಿಂದ ಶುರುವಾಗುವುದಿಲ್ಲ.

ಶುರು ಮಾಡುವ ಮುಂಚೆ

ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಏನಾದರೂ ಇದ್ದರೆ ಎಲ್ಲ ಬೇರೆ ಕಡೆ ಕಾಪಿ ಮಾಡಿ. ಅರ್ಧ ಜಾಗ ಮಾತ್ರ ಬಳಸಿ ಉಳಿದದ್ದನ್ನು ಹಾಗೇ ಇಟ್ಟುಕೊಳ್ಳಬಹುದು, ನಿಜ. ಆದರೆ ಮೊದಲ ಸಲಕ್ಕೇ ಆ ಸಾಹಸ ಬೇಡ. ಖಾಲಿ ಡಿಸ್ಕ್‌ನಲ್ಲಿ ಮಾಡಿ.

ಎರಡನೆಯದು, ಬಿಟ್‌ಲಾಕರ್. ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಬೀಗ ಹಾಕಿರುವುದು ಮಾಲೀಕರಿಗೇ ಗೊತ್ತಿರುವುದಿಲ್ಲ. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಶುರುವಾಗುವ, ಕಂಪ್ಯೂಟರ್‌ನದೇ ಸೆಟ್ಟಿಂಗ್ ಪುಟ) ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಿಸ್ಟಮ್ ಶುರುವಾಗದಂತೆ ತಡೆಯುವ ಕಾವಲು) ತರಹದ ಸೆಟ್ಟಿಂಗ್ ಬದಲಾಯಿಸಿದರೆ ಮುಂದಿನ ಸಲ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಅಂಕಿಗಳು ಸಾಮಾನ್ಯವಾಗಿ ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತವೆ. ಮೊದಲೇ ನೋಡಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಬೇರೆಯವರ ಲ್ಯಾಪ್‌ಟಾಪ್ ಆದರೆ ಈ ಕೀ ಕೈಗೆ ಸಿಗುವವರೆಗೂ ಬಯೋಸ್ ಒಳಗೆ ಏನನ್ನೂ ಬದಲಾಯಿಸಬೇಡಿ. ಮಿಂಟ್ ಸೆಕ್ಯೂರ್ ಬೂಟ್ ಆನ್ ಇದ್ದರೂ ಸಾಮಾನ್ಯವಾಗಿ ಶುರುವಾಗುತ್ತದೆ. ಹಾಗಾಗಿ ಅದನ್ನು ಮುಟ್ಟುವ ಅಗತ್ಯ ಬರುವುದು ಅಪರೂಪ.

ಪೆನ್‌ಡ್ರೈವ್ ಚುಚ್ಚಿ, ಕಂಪ್ಯೂಟರ್ ಆನ್ ಮಾಡುತ್ತಲೇ ಬೂಟ್ ಮೆನು (ಯಾವ ಡಿಸ್ಕ್‌ನಿಂದ ಶುರುವಾಗಬೇಕು ಎಂದು ಆರಿಸುವ ಪಟ್ಟಿ) ಕೀ ಒತ್ತುತ್ತಾ ಇರಿ. ಡೆಲ್ ಮತ್ತು ಲೆನೊವೊದಲ್ಲಿ ಎಫ್12. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್9. ಏಸಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಎಷ್ಟೋ ಮಾಡೆಲ್‌ಗಳಲ್ಲಿ ಬಯೋಸ್‌ಗೆ ಹೋಗಿ ಆ ಕೀಯನ್ನು ಮೊದಲು ಆನ್ ಮಾಡಬೇಕು. ಪಟ್ಟಿ ಬಂದಾಗ ಪೆನ್‌ಡ್ರೈವ್ ಹೆಸರಿನ ಜೊತೆ ಯುಇಎಫ್‌ಐ (ಈಗಿನ ಕಂಪ್ಯೂಟರ್‌ಗಳು ಶುರುವಾಗುವ ಹೊಸ ವಿಧಾನ) ಎಂದಿರುವ ಸಾಲನ್ನೇ ಆರಿಸಿ. ಮಿಂಟ್‌ನ ಲೈವ್ ಡೆಸ್ಕ್‌ಟಾಪ್ ಬಂದ ಮೇಲೆ ಇನ್‌ಸ್ಟಾಲ್ ಐಕಾನ್ ಒತ್ತಲು ಅವಸರ ಬೇಡ. ಸ್ವಲ್ಪ ಹೊತ್ತು ಓಡಾಡಿ ನೋಡಿ. ವೈಫೈ ಹಿಡಿಯುತ್ತಾ, ಸೌಂಡ್ ಬರುತ್ತಾ, ಟಚ್‌ಪ್ಯಾಡ್ ಸರಿಯಿದೆಯಾ? ವೈಫೈ ಬರದಿದ್ದರೆ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ ಆನ್ ಮಾಡಿ. ಹೆಚ್ಚಿನ ಫೋನ್‌ಗಳಲ್ಲಿ ಆ ಕ್ಷಣವೇ ಇಂಟರ್‌ನೆಟ್ ಸಿಗುತ್ತದೆ.

ಡಿಸ್ಕ್ ಹೋಳು ಮಾಡುವುದು

ಈಗ ಎಕ್ಸ್‌ಟರ್ನಲ್ ಡಿಸ್ಕ್ ಚುಚ್ಚಿ, ಮೆನುವಿನಿಂದ ಜಿಪಾರ್ಟೆಡ್ ತೆರೆಯಿರಿ. ಡಿಸ್ಕ್ ಹೋಳು ಮಾಡುವ ಸಲಕರಣೆ ಅದು, ಒಂದೊಂದು ಹೋಳಿಗೆ ಪಾರ್ಟಿಶನ್ ಎನ್ನುತ್ತಾರೆ. ಬಲಗಡೆ ಮೇಲೆ ಡಿಸ್ಕ್‌ಗಳ ಪಟ್ಟಿ ಇರುತ್ತದೆ. ಹೆಸರುಗಳನ್ನು ನಂಬಬೇಡಿ, ಅಳತೆ ನೋಡಿ. 500 ಜಿಬಿ ಡಿಸ್ಕ್ ಇಲ್ಲಿ 465 ಎಂದೂ, 1 ಟಿಬಿ ಡಿಸ್ಕ್ 931 ಎಂದೂ ಕಾಣುತ್ತದೆ. ಒಳಗಿನದೂ ಹೊರಗಿನದೂ ಒಂದೇ ಅಳತೆ ಇದ್ದರೆ ಎಕ್ಸ್‌ಟರ್ನಲ್ ಕೇಬಲ್ ತೆಗೆದು ಪಟ್ಟಿಯನ್ನು ರಿಫ್ರೆಶ್ ಮಾಡಿ. ಯಾವುದು ಮಾಯವಾಯಿತೋ ಅದೇ ನಿಮ್ಮದು. ಮತ್ತೆ ಚುಚ್ಚಿ ಅದನ್ನೇ ಆರಿಸಿ. ನಾನು ಈಗಲೂ ಪ್ರತಿ ಸಲ ಹೀಗೇ ಮಾಡುತ್ತೇನೆ. ಇಲ್ಲಿ ತಪ್ಪು ಡಿಸ್ಕ್ ಆರಿಸಿದರೆ ಮನೆಯವರ ಫೋಟೋಗಳು ಹೋಗುತ್ತವೆ.

ಡಿವೈಸ್ ಮೆನುವಿನಲ್ಲಿ ಹೊಸ ಪಾರ್ಟಿಶನ್ ಟೇಬಲ್ ಆರಿಸಿ ಜಿಪಿಟಿ ಎಂದು ಕೊಡಿ. ಆಮೇಲೆ ಮೂರು ಪಾರ್ಟಿಶನ್. ಮೊದಲನೆಯದು 512 ಎಂಬಿ, ಫ್ಯಾಟ್32. ಇದು ಇಎಫ್‌ಐ ಪಾರ್ಟಿಶನ್. ಕಂಪ್ಯೂಟರ್ ಆನ್ ಆದಾಗ ಮೊದಲು ಓದುವುದು ಇದನ್ನೇ. ಎರಡನೆಯದು 60 ಜಿಬಿ, ಎಕ್ಸ್‌ಟಿ4. ಲಿನಕ್ಸ್ ಕೂರುವುದು ಇದರಲ್ಲಿ. ಉಳಿದ ಜಾಗವೆಲ್ಲ ಎಕ್ಸ್‌ಫ್ಯಾಟ್. ಇದನ್ನು ವಿಂಡೋಸ್ ಕೂಡ ಓದುತ್ತದೆ. ಪ್ರೆಸ್‌ಗೆ ಪಿಡಿಎಫ್ ಕೊಡಬೇಕಾದಾಗ ಬೇರೆ ಪೆನ್‌ಡ್ರೈವ್ ಹುಡುಕುವ ಕೆಲಸ ಇಲ್ಲ. ಸ್ವಾಪ್‌ಗೆ (ರ‍್ಯಾಮ್ ಸಾಲದಾಗ ಬಳಸುವ ಜಾಗ) ಬೇರೆ ಪಾರ್ಟಿಶನ್ ಬೇಡ, ಮಿಂಟ್ ತಾನೇ ಒಂದು ಫೈಲ್ ಮಾಡಿಕೊಳ್ಳುತ್ತದೆ. ಮೇಲಿನ ಸರಿ ಗುರುತು ಒತ್ತಿದಾಗ ಮಾತ್ರ ಇದೆಲ್ಲ ನಿಜವಾಗಿ ಡಿಸ್ಕ್ ಮೇಲೆ ನಡೆಯುತ್ತದೆ. ಅದು ಮುಗಿದ ಮೇಲೆ 512 ಎಂಬಿಯ ಪಾರ್ಟಿಶನ್ ಮೇಲೆ ರೈಟ್ ಕ್ಲಿಕ್ ಮಾಡಿ, ಮ್ಯಾನೇಜ್ ಫ್ಲ್ಯಾಗ್ಸ್‌ನಲ್ಲಿ ಇಎಸ್‌ಪಿ ಎಂಬುದಕ್ಕೆ ಟಿಕ್ ಹಾಕಿ. ಬೂಟ್ ಎಂಬುದೂ ಅದರ ಜೊತೆಗೇ ಬರುತ್ತದೆ.

ಬೂಟ್‌ಲೋಡರ್ ಎಲ್ಲಿ ಹೋಗಿ ಕೂರುತ್ತದೆ?

ಬೂಟ್‌ಲೋಡರ್ ಅಂದರೆ ಆನ್ ಮಾಡಿದಾಗ ಸಿಸ್ಟಮ್ ಶುರು ಮಾಡಿಕೊಡುವ ಸಣ್ಣ ಪ್ರೋಗ್ರಾಮ್. ಮಿಂಟ್‌ನಲ್ಲಿ ಅದರ ಹೆಸರು ಗ್ರಬ್. ಇಡೀ ಕೆಲಸದ ಜೀವ ಇರುವುದು ಇಲ್ಲಿ. ಇದನ್ನು ನಿಧಾನವಾಗಿ ಓದಿ.

ಕೆಲವು ವರ್ಷಗಳ ಹಿಂದೆ ಅಕ್ಕನ ಮನೆಯಲ್ಲಿ, ಅವರ ಲ್ಯಾಪ್‌ಟಾಪ್ ಬಳಸಿ ನನ್ನ ಡಿಸ್ಕ್‌ಗೆ ಲಿನಕ್ಸ್ ಹಾಕಿದೆ. ಇನ್‌ಸ್ಟಾಲರ್‌ನಲ್ಲಿ ಬೂಟ್‌ಲೋಡರ್ ಜಾಗಕ್ಕೆ ನನ್ನ ಡಿಸ್ಕ್ ಹೆಸರನ್ನೇ ಕೊಟ್ಟಿದ್ದೆ. ಎಲ್ಲ ಚೆನ್ನಾಗಿ ಆಯಿತು. ಡಿಸ್ಕ್ ತೆಗೆದು ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತಿ ದಾವಣಗೆರೆಗೆ ಬಂದೆ. ರಾತ್ರಿ ಅಕ್ಕನ ಮಗಳ ಫೋನು. "ಮಾವ, ಲ್ಯಾಪ್‌ಟಾಪ್ ಆನ್ ಮಾಡಿದ್ರೆ ಬರೀ ಕಪ್ಪು ಸ್ಕ್ರೀನ್. ಗ್ರಬ್ ಅಂತ ಬಂದು ನಿಂತಿದೆ. ನಾಳೆ ಪ್ರಾಜೆಕ್ಟ್ ಕೊಡ್ಬೇಕು ಮಾವ." ಅವಳ ದನಿ ನಡುಗುತ್ತಿತ್ತು. ನನಗೆ ಕೈಕಾಲೇ ಆಡಲಿಲ್ಲ. ಅವರ ಡಿಸ್ಕ್ ಮುಟ್ಟುವುದಿಲ್ಲ ಅಂತ ಅಕ್ಕನಿಗೆ ಮಾತು ಕೊಟ್ಟು ಮಾಡಿದ ಕೆಲಸ ಅದು.

ಆಗಿದ್ದು ಇಷ್ಟು. ಲಿನಕ್ಸ್ ನನ್ನ ಡಿಸ್ಕ್‌ಗೇ ಬಂದಿತ್ತು. ಆದರೆ ಅದನ್ನು ಶುರು ಮಾಡುವ ಗ್ರಬ್ ಹೋಗಿ ಅವರ ಒಳಗಿನ ಡಿಸ್ಕ್‌ನ ಇಎಫ್‌ಐ ಪಾರ್ಟಿಶನ್‌ನಲ್ಲಿ ಕೂತಿತ್ತು. ಬೂಟ್ ಸಾಲಿನಲ್ಲಿ ವಿಂಡೋಸ್‌ಗಿಂತ ಮುಂದೆ ನಿಂತಿತ್ತು. ನನ್ನ ಡಿಸ್ಕ್ ಕಾಣದಿದ್ದಾಗ ಮುಂದೇನು ಅಂತ ತಿಳಿಯದೆ ಗ್ರಬ್ ಅಲ್ಲೇ ನಿಂತುಬಿಟ್ಟಿತ್ತು. ವಿಂಡೋಸ್‌ಗೆ ಏನೂ ಆಗಿರಲಿಲ್ಲ. ಫೋನಿನಲ್ಲೇ ಹೇಳಿದೆ: "ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡು ಪುಟ್ಟಿ. ಆನ್ ಮಾಡಿ ಎಸ್ಕೇಪ್, ಆಮೇಲೆ ಎಫ್9. ವಿಂಡೋಸ್ ಬೂಟ್ ಮ್ಯಾನೇಜರ್ ಅಂತ ಇದ್ಯಾ? ಅದನ್ನ ಒತ್ತು." ವಿಂಡೋಸ್ ಬಂತು. ಮುಂದಿನ ವಾರ ಹೋಗಿ ಬಯೋಸ್‌ನಲ್ಲಿ ಬೂಟ್ ಸಾಲನ್ನು ಮತ್ತೆ ಮೊದಲಿನಂತೆ ಮಾಡಿ ಬಂದೆ. ನಿಮ್ಮ ಮನೆಯಲ್ಲೂ ಇಂಥದ್ದಾದರೆ ಗಾಬರಿ ಬೀಳದೆ ಹೀಗೇ ಮಾಡಿ.

ಮಿಂಟ್ ಮತ್ತು ಹಳೆಯ ಉಬುಂಟು ಬಳಸುವ ಇನ್‌ಸ್ಟಾಲರ್ ಯುಇಎಫ್‌ಐ ಕಂಪ್ಯೂಟರ್‌ನಲ್ಲಿ ನಡೆಯುವ ರೀತಿಯೇ ಇದು. ಬೂಟ್‌ಲೋಡರ್‌ಗೆ ನೀವು ಯಾವ ಡಿಸ್ಕ್ ಹೇಳಿದರೂ, ಅದು ಮೊದಲು ಸಿಕ್ಕ ಇಎಫ್‌ಐ ಪಾರ್ಟಿಶನ್‌ಗೆ ಹೋಗಿಬಿಡಬಹುದು. ಮೊದಲು ಸಿಗುವುದು ಸಾಮಾನ್ಯವಾಗಿ ಒಳಗಿನದೇ. ಹಾಗಾಗಿ ಇನ್‌ಸ್ಟಾಲ್ ನಡೆಯುವಾಗ ಒಳಗಿನದು ಅದರ ಕಣ್ಣಿಗೆ ಬೀಳಬಾರದು.

ಡೆಸ್ಕ್‌ಟಾಪ್ ಇದ್ದರೆ ತುಂಬಾ ಸುಲಭ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ತೆಗೆದು, ಕ್ಯಾಬಿನೆಟ್ ಬಿಚ್ಚಿ ಒಳಗಿನ ಡಿಸ್ಕ್‌ನ ಸಾಟಾ ಕೇಬಲ್ ಎಳೆದಿಡಿ. ಒಳಗೆ ಡಿಸ್ಕೇ ಇಲ್ಲದಿದ್ದರೆ ತಪ್ಪಾಗುವುದು ಎಲ್ಲಿಂದ? ನಾನು ಈಗ ಯಾರಿಗೆ ಮಾಡಿಕೊಟ್ಟರೂ ಅಂಗಡಿಯ ಡೆಸ್ಕ್‌ಟಾಪ್‌ನಲ್ಲಿ ಹೀಗೇ ಮಾಡುತ್ತೇನೆ. ಒಂದು ಕಂಪ್ಯೂಟರ್‌ನಲ್ಲಿ ಹಾಕಿದ್ದು ಇನ್ನೊಂದರಲ್ಲಿ ನಡೆಯುತ್ತದೆ. ಯಾವ ಡಿಸ್ಕ್ ಎಲ್ಲಿದೆ ಅನ್ನುವುದನ್ನು ಲಿನಕ್ಸ್ ಪ್ರತಿ ಪಾರ್ಟಿಶನ್‌ಗೂ ಇರುವ ಗುರುತಿನ ಸಂಖ್ಯೆಯಿಂದ ಹುಡುಕಿಕೊಳ್ಳುತ್ತದೆ.

ಲ್ಯಾಪ್‌ಟಾಪ್ ಮಾತ್ರ ಇದ್ದರೆ ಇನ್ನೊಂದು ದಾರಿ. ಲೈವ್ ಮಿಂಟ್‌ನ ಜಿಪಾರ್ಟೆಡ್‌ನಲ್ಲಿ ಈ ಸಲ ಒಳಗಿನ ಡಿಸ್ಕ್ ಆರಿಸಿ. ಅದರಲ್ಲಿ 100ರಿಂದ 300 ಎಂಬಿಯ ಒಂದು ಫ್ಯಾಟ್32 ಪಾರ್ಟಿಶನ್ ಇರುತ್ತದೆ. ಬೂಟ್, ಇಎಸ್‌ಪಿ ಎಂಬ ಗುರುತು ಇರುವುದು ಅದಕ್ಕೇ. ಮೊದಲು ಆ ಪರದೆಯ ಫೋಟೋ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಆಮೇಲೆ ಮ್ಯಾನೇಜ್ ಫ್ಲ್ಯಾಗ್ಸ್‌ಗೆ ಹೋಗಿ ಇಎಸ್‌ಪಿ ಟಿಕ್ ತೆಗೆಯಿರಿ. ಇದರಿಂದ ಒಳಗಿನ ಫೈಲು ಯಾವುದೂ ಅಳಿಯುವುದಿಲ್ಲ, ಹಣೆಪಟ್ಟಿ ಮಾತ್ರ ಬದಲಾಗುತ್ತದೆ. ಇನ್‌ಸ್ಟಾಲ್ ಮುಗಿದ ಕೂಡಲೇ, ರೀಸ್ಟಾರ್ಟ್ ಮಾಡುವ ಮುಂಚೆಯೇ, ಆ ಟಿಕ್ ವಾಪಸ್ ಹಾಕಬೇಕು. ಮರೆತರೆ ವಿಂಡೋಸ್ ಶುರುವಾಗದೇ ಇರಬಹುದು. ನಾನು ಒಂದು ಚೀಟಿಯಲ್ಲಿ "ಟಿಕ್ ವಾಪಸ್" ಎಂದು ಬರೆದು ಕೀಬೋರ್ಡ್ ಮೇಲೆ ಇಟ್ಟುಕೊಳ್ಳುತ್ತೇನೆ.

ಇನ್‌ಸ್ಟಾಲ್

ಇಷ್ಟಾದರೆ ಉಳಿದದ್ದು ಸಲೀಸು. ಇನ್‌ಸ್ಟಾಲ್ ಐಕಾನ್ ಒತ್ತಿ. ಭಾಷೆಯ ಪಟ್ಟಿಯಲ್ಲಿ ಕನ್ನಡವೂ ಇದೆ. ಆದರೆ ಅನುವಾದ ಅಲ್ಲಲ್ಲಿ ಅರ್ಧಕ್ಕೇ ನಿಂತಿದೆ. ಏನಾದರೂ ತೊಡಕಾದಾಗ ಹುಡುಕಲು ಇಂಗ್ಲಿಷ್ ಸುಲಭ, ಹಾಗಾಗಿ ಮೊದಲ ಸಲಕ್ಕೆ ಅದನ್ನೇ ಇಟ್ಟುಕೊಳ್ಳಿ. ಕನ್ನಡ ಬರೆಯುವ ಸೌಲಭ್ಯ ಆಮೇಲೆ ಸೇರಿಸಬಹುದು.

ಎಲ್ಲಿ ಇನ್‌ಸ್ಟಾಲ್ ಮಾಡಬೇಕು ಅಂತ ಕೇಳಿದಾಗ ಕೊನೆಯ ಆಯ್ಕೆ, ಸಂಥಿಂಗ್ ಎಲ್ಸ್ ಎಂಬುದನ್ನೇ ಒತ್ತಿ. ಇಡೀ ಡಿಸ್ಕ್ ಅಳಿಸುವ ಮೊದಲ ಆಯ್ಕೆಗಳನ್ನು ಮುಟ್ಟಬೇಡಿ. ಪಟ್ಟಿಯಲ್ಲಿ ನಿಮ್ಮ 60 ಜಿಬಿ ಪಾರ್ಟಿಶನ್ ಆರಿಸಿ ಚೇಂಜ್ ಒತ್ತಿ. ಎಕ್ಸ್‌ಟಿ4 ಎಂದು ಕೊಟ್ಟು, ಫಾರ್ಮ್ಯಾಟ್‌ಗೆ ಟಿಕ್ ಹಾಕಿ, ಮೌಂಟ್ ಪಾಯಿಂಟ್‌ಗೆ ಒಂದು ಓರೆಗೆರೆ ಮಾತ್ರ ಕೊಡಿ. 512 ಎಂಬಿಯದನ್ನು ಇಎಫ್‌ಐ ಸಿಸ್ಟಮ್ ಪಾರ್ಟಿಶನ್ ಎಂದು ಮಾಡಿ. ಕೆಳಗೆ ಬೂಟ್‌ಲೋಡರ್ ಜಾಗದಲ್ಲಿ ಎಕ್ಸ್‌ಟರ್ನಲ್ ಡಿಸ್ಕ್ ಆರಿಸಿ. ಇನ್‌ಸ್ಟಾಲ್ ನೌ ಒತ್ತಿದಾಗ ಯಾವ ಪಾರ್ಟಿಶನ್ ಫಾರ್ಮ್ಯಾಟ್ ಆಗುತ್ತದೆ ಅಂತ ಒಂದು ಪಟ್ಟಿ ತೋರಿಸುತ್ತದೆ. ಅದನ್ನು ಎರಡು ಸಲ ಓದಿ. ನಿಮ್ಮ ಡಿಸ್ಕ್ ಬಿಟ್ಟು ಬೇರೆ ಹೆಸರು ಒಂದೇ ಒಂದು ಕಂಡರೂ ಹಿಂದಕ್ಕೆ ಬನ್ನಿ.

ಹೆಸರು, ಪಾಸ್‌ವರ್ಡ್ ಕೇಳುವ ಪುಟದಲ್ಲಿ ಹೋಮ್ ಫೋಲ್ಡರ್ ಎನ್‌ಕ್ರಿಪ್ಟ್ ಮಾಡುವ ಆಯ್ಕೆ ಇದೆ. ಟಿಕ್ ಹಾಕಿ. ಜೇಬಿನಲ್ಲಿ ಓಡಾಡುವ ವಸ್ತು ಒಂದು ದಿನ ಬಸ್ಸಿನ ಸೀಟಿನಲ್ಲಿ ಉಳಿಯಬಹುದು ಅಲ್ವಾ? ಪಾಸ್‌ವರ್ಡ್ ಇಲ್ಲದೆ ಆ ಫೋಲ್ಡರ್‌ನ ಫೈಲುಗಳನ್ನು ಯಾರೂ ಓದಲು ಆಗುವುದಿಲ್ಲ. ಎಕ್ಸ್‌ಫ್ಯಾಟ್ ಭಾಗಕ್ಕೆ ಮಾತ್ರ ಈ ರಕ್ಷಣೆ ಇಲ್ಲ. ಆಧಾರ್ ಪ್ರತಿ, ಬ್ಯಾಂಕ್ ಕಾಗದ ಅಲ್ಲಿ ಇಡಬೇಡಿ.

ಮುಗಿದ ಮೇಲೆ ರೀಸ್ಟಾರ್ಟ್ ಬೇಡ, ಕಂಟಿನ್ಯೂ ಟೆಸ್ಟಿಂಗ್ ಒತ್ತಿ. ಒಳಗಿನ ಡಿಸ್ಕ್‌ನ ಟಿಕ್ ವಾಪಸ್ ಹಾಕಿ. ಆಮೇಲೆ ಒಂದು ಪರೀಕ್ಷೆ. ಫೈಲ್ ಮ್ಯಾನೇಜರ್‌ನಲ್ಲಿ ನಿಮ್ಮ ಡಿಸ್ಕ್‌ನ 512 ಎಂಬಿ ಪಾರ್ಟಿಶನ್ ತೆರೆದು ನೋಡಿ. ಒಳಗೆ ಇಎಫ್‌ಐ ಎಂಬ ಫೋಲ್ಡರ್, ಅದರೊಳಗೆ ಉಬುಂಟು ಮತ್ತು ಬೂಟ್ ಎಂಬ ಎರಡು ಫೋಲ್ಡರ್ ಇರಬೇಕು. ಮಿಂಟ್ ಹಾಕಿದರೂ ಹೆಸರು ಉಬುಂಟು ಅಂತಲೇ ಇರುವುದು ಸಹಜ. ಪಾರ್ಟಿಶನ್ ಖಾಲಿ ಇದ್ದರೆ ಬೂಟ್‌ಲೋಡರ್ ಬೇರೆ ಕಡೆ ಹೋಗಿದೆ ಎಂದರ್ಥ. ಮಿಂಟ್‌ನ ಲೈವ್ ಪೆನ್‌ಡ್ರೈವ್‌ನಲ್ಲೇ ಬೂಟ್ ರಿಪೇರ್ ಎಂಬ ಸಲಕರಣೆ ಇದೆ. ಒಳಗಿನ ಡಿಸ್ಕ್‌ನ ಟಿಕ್ ಮತ್ತೊಮ್ಮೆ ತೆಗೆದು ಅದನ್ನು ನಡೆಸಿ, ಆಮೇಲೆ ಟಿಕ್ ವಾಪಸ್ ಹಾಕಿ.

ಬೂಟ್ ಫೋಲ್ಡರ್ ಯಾಕೆ ಮುಖ್ಯ? ಪರಿಚಯವಿಲ್ಲದ ಕಂಪ್ಯೂಟರ್‌ಗೆ ನಿಮ್ಮ ಲಿನಕ್ಸ್ ಹೆಸರು ಗೊತ್ತಿರುವುದಿಲ್ಲ. ಹೊರಗಿನಿಂದ ಬಂದ ಡಿಸ್ಕ್‌ನಲ್ಲಿ ಅದು ಹುಡುಕುವುದು ಆ ಫೋಲ್ಡರ್‌ನಲ್ಲಿರುವ ಬೂಟ್‌ಎಕ್ಸ್64 (bootx64.efi) ಎಂಬ ಫೈಲನ್ನು ಮಾತ್ರ. ಉಬುಂಟು ಫೋಲ್ಡರ್ ಇದ್ದು ಬೂಟ್ ಫೋಲ್ಡರ್ ಇಲ್ಲದಿದ್ದರೆ ನೀವೇ ಮಾಡಿಕೊಳ್ಳಬಹುದು. ಇಎಫ್‌ಐ ಒಳಗೆ ಬೂಟ್ ಎಂದು ಫೋಲ್ಡರ್ ಮಾಡಿ. ಉಬುಂಟು ಫೋಲ್ಡರ್‌ನಿಂದ ಶಿಮ್‌ಎಕ್ಸ್64 (shimx64.efi) ಮತ್ತು ಗ್ರಬ್‌ಎಕ್ಸ್64 (grubx64.efi) ಎಂಬ ಎರಡು ಫೈಲ್ ಅಲ್ಲಿಗೆ ಕಾಪಿ ಮಾಡಿ. ಶಿಮ್‌ನ ಹೆಸರನ್ನು ಬೂಟ್‌ಎಕ್ಸ್64 ಎಂದು ಬದಲಾಯಿಸಿ. ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ, ಕೊನೆಯ ಇಎಫ್‌ಐ ಎಂಬ ಬಾಲ ಹಾಗೇ ಇರಲಿ.

ಬೇರೆಯವರ ಕಂಪ್ಯೂಟರ್‌ನಲ್ಲಿ

ಕೇಳಿ ಬಳಸಿ. ಕಾಲೇಜ್ ಲ್ಯಾಬ್, ಆಫೀಸ್ ಕಂಪ್ಯೂಟರ್ ಆದರೆ ಅಲ್ಲಿ ನೋಡಿಕೊಳ್ಳುವವರ ಒಪ್ಪಿಗೆ ಬೇಕೇ ಬೇಕು. ಅವರ ವಿಂಡೋಸ್ ಪಾರ್ಟಿಶನ್ ನಿಮ್ಮ ಫೈಲ್ ಮ್ಯಾನೇಜರ್‌ನಲ್ಲಿ ಕಾಣಬಹುದು. ಅದನ್ನು ತೆರೆಯಬೇಡಿ. ಕೆಲವು ಕಂಪ್ಯೂಟರ್‌ಗಳ ಬೂಟ್ ಪಟ್ಟಿಯಲ್ಲಿ ಉಬುಂಟು ಎಂಬ ಹೆಸರು ಉಳಿದುಕೊಳ್ಳಬಹುದು. ಡಿಸ್ಕ್ ಇಲ್ಲದಾಗ ಅದನ್ನು ದಾಟಿ ವಿಂಡೋಸ್‌ಗೇ ಹೋಗುತ್ತದೆ, ತೊಂದರೆ ಇಲ್ಲ.

ಗಡಿಯಾರದ ವಿಷಯ ಮಾತ್ರ ನೆನಪಿಡಿ. ಕಂಪ್ಯೂಟರ್ ಒಳಗಿನ ಗಡಿಯಾರದಲ್ಲಿ ವಿಂಡೋಸ್ ನಮ್ಮ ಭಾರತದ ಸಮಯ ಇಡುತ್ತದೆ. ಲಿನಕ್ಸ್ ಅದರಲ್ಲಿ ಜಾಗತಿಕ ಸಮಯ ಬರೆಯುತ್ತದೆ. ನೀವು ಲಿನಕ್ಸ್ ಬಳಸಿ ಹೋದ ಮೇಲೆ ಅವರ ವಿಂಡೋಸ್ ಬೆಳಗ್ಗೆ 10 ಗಂಟೆಗೆ 4:30 ಎಂದು ತೋರಿಸುತ್ತದೆ. ಸರಿಯಾಗಿ ಐದೂವರೆ ಗಂಟೆ ಹಿಂದೆ. ಸಮಯ ತಪ್ಪಿದರೆ ಕೆಲವು ಜಾಲತಾಣ ತೆರೆಯುವುದಿಲ್ಲ, ಅವರಿಗೆ ಕಾರಣವೂ ತಿಳಿಯುವುದಿಲ್ಲ. ಹಾಗಾಗಿ ನಿಮ್ಮ ಲಿನಕ್ಸ್‌ನಲ್ಲಿ ಟರ್ಮಿನಲ್ ತೆರೆದು, ಟೈಮ್‌ಡೇಟ್‌ಸಿಟಿಎಲ್ ಎಂಬ ಆಜ್ಞೆಯ ಮುಂದೆ ಸೆಟ್-ಲೋಕಲ್-ಆರ್‌ಟಿಸಿ ಎಂದೂ 1 ಎಂದೂ ಸೇರಿಸಿ ಎಂಟರ್ ಒತ್ತಿ. ಎಲ್ಲ ಇಂಗ್ಲಿಷ್ ಸಣ್ಣಕ್ಷರ: timedatectl set-local-rtc 1. ಒಂದು ಸಲ ಮಾಡಿದರೆ ಸಾಕು.

ಎನ್‌ವಿಡಿಯಾ ಕಾರ್ಡ್ ಇರುವ ಕಂಪ್ಯೂಟರ್‌ಗೆ ಹಾಕಿದಾಗ ಅದರ ಖಾಸಗಿ ಡ್ರೈವರ್ ಹಾಕಿಕೊಳ್ಳಿ ಅಂತ ಮಿಂಟ್ ಕೇಳುತ್ತದೆ. ಊರೂರು ತಿರುಗುವ ಡಿಸ್ಕ್‌ಗೆ ಅದು ಬೇಡ. ಮುಂದಿನ ಕಂಪ್ಯೂಟರ್‌ನಲ್ಲಿ ಪರದೆಯೇ ಬರದೆ ಕೂರಬಹುದು. ಮಿಂಟ್ ಜೊತೆಗೇ ಬರುವ ಮುಕ್ತ ಡ್ರೈವರ್‌ಗಳು ಎಲ್ಲ ಕಡೆ ಹೊಂದಿಕೊಳ್ಳುತ್ತವೆ.

ಕನ್ನಡ ಟೈಪಿಂಗ್

ನುಡಿ ಕೀಲಿಮಣೆ ಕಲಿತವರು ಹೊಸದೇನೂ ಕಲಿಯಬೇಕಿಲ್ಲ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಬಸ್ (ibus) ಮತ್ತು ಐಬಸ್-ಎಂ17ಎನ್ (ibus-m17n) ಎಂಬ ಟೈಪಿಂಗ್ ಸಲಕರಣೆ ಹಾಕಿಕೊಳ್ಳಿ. ಇನ್‌ಪುಟ್ ಮೆಥಡ್ ಎಂಬಲ್ಲಿ ಐಬಸ್ ಆರಿಸಿ, ಲಾಗ್ ಔಟ್ ಮಾಡಿ ಒಳಗೆ ಬನ್ನಿ. ಐಬಸ್ ಸೆಟ್ಟಿಂಗ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ ಎಂದಿದೆ. ಅದೇ ನುಡಿ ಮಾಡಿದ ಕನ್ನಡ ಗಣಕ ಪರಿಷತ್ತಿನ ವಿನ್ಯಾಸ. ಮೊಬೈಲ್‌ನಲ್ಲಿ ಇಂಗ್ಲಿಷ್ ಅಕ್ಷರದಿಂದ ಕನ್ನಡ ಬರೆದು ರೂಢಿಯಾದವರಿಗೆ ಐಟ್ರಾನ್ಸ್ ಎಂಬುದಿದೆ. ನುಡಿಯ ಹಳೆಯ ಫೈಲುಗಳು ಯುನಿಕೋಡ್ ಅಲ್ಲ. ಲಿಬ್ರೆ ಆಫೀಸ್‌ನಲ್ಲಿ ತೆರೆದರೆ ಅಕ್ಷರ ಎಲ್ಲ ಕಲಸಿದಂತೆ ಕಾಣುತ್ತದೆ. ಫೈಲು ಕೆಟ್ಟಿಲ್ಲ, ಯುನಿಕೋಡ್‌ಗೆ ಪರಿವರ್ತನೆ ಮಾಡಿದರೆ ಓದಬಹುದು.

ಡಿಸ್ಕ್ ಬಾಳಿಕೆ ಬರಬೇಕಾದರೆ

ಕೇಬಲ್ ಸಡಿಲ ಇರಬಾರದು. ಹೊರಗಿನ ಡಿಸ್ಕ್‌ನಲ್ಲಿ ನಾನು ಕಂಡ ತೊಂದರೆಗಳಲ್ಲಿ ಮುಕ್ಕಾಲು ಭಾಗ ಕೇಬಲ್‌ನಿಂದಲೇ ಬಂದಿವೆ. ಕೆಲಸ ಮಾಡುತ್ತಿದ್ದಾಗ ಮೌಸ್ ಓಡುತ್ತದೆ, ಆದರೆ ಯಾವ ಕಿಟಕಿಯೂ ತೆರೆಯುವುದಿಲ್ಲ. ಆಗ ಡಿಸ್ಕ್ ಸಂಪರ್ಕ ತಪ್ಪಿದೆ ಅಂತ ತಿಳಿಯಿರಿ. ಮತ್ತೆ ಚುಚ್ಚಿದರೆ ಸರಿಹೋಗುವುದಿಲ್ಲ, ಆಫ್ ಮಾಡಿ ಮತ್ತೆ ಶುರು ಮಾಡಲೇಬೇಕು. ಶುರುವಾಗುವಾಗ ಕಪ್ಪು ಪರದೆಯಲ್ಲಿ ಇನಿಟ್‌ರಾಮ್‌ಎಫ್‌ಎಸ್ ಎಂದು ನಿಂತರೆ ಅದರ ಮೇಲಿನ ಸಾಲು ಓದಿ. ಯಾವ ಪಾರ್ಟಿಶನ್‌ಗೆ ಎಫ್‌ಎಸ್‌ಸಿಕೆ (fsck, ಡಿಸ್ಕ್‌ನ ತಪ್ಪು ಹುಡುಕಿ ಸರಿಮಾಡುವ ಆಜ್ಞೆ) ಬೇಕು ಅಂತ ಅದೇ ಹೇಳುತ್ತದೆ. ಎಫ್‌ಎಸ್‌ಸಿಕೆ ಎಂದು ಬರೆದು ಆ ಹೆಸರನ್ನು ಹಾಗೇ ಟೈಪ್ ಮಾಡಿ, ಕೇಳಿದ್ದಕ್ಕೆಲ್ಲ ವೈ ಒತ್ತಿದರೆ ಹೆಚ್ಚಿನ ಸಲ ಎದ್ದು ಕೂರುತ್ತದೆ.

ಹೆಚ್ಚಿನ ಸಲ, ಎಲ್ಲ ಸಲ ಅಲ್ಲ. ಅದಕ್ಕೇ ಬ್ಯಾಕಪ್ ಇರಲಿ. ಟೈಮ್‌ಶಿಫ್ಟ್ ಎಂಬುದು ಮಿಂಟ್‌ನಲ್ಲೇ ಇದೆ, ಕೆಟ್ಟ ಅಪ್‌ಡೇಟ್‌ನಿಂದ ಹಿಂದಕ್ಕೆ ಬರಲು ಅದು ಸಾಕು. ಡಿಸ್ಕೇ ಹೋದರೆ ಅದೂ ಜೊತೆಗೇ ಹೋಗುತ್ತದೆ. ವಾರಕ್ಕೊಮ್ಮೆ ನಿಮ್ಮ ಫೈಲುಗಳನ್ನು ಬೇರೆ ಜಾಗಕ್ಕೆ ಕಾಪಿ ಮಾಡಿ.

ಕೊನೆಯದಾಗಿ ಲ್ಯಾಪ್‌ಟಾಪ್ ಮುಚ್ಚಳ. ಮುಚ್ಚಿದರೆ ಲಿನಕ್ಸ್ ನಿದ್ದೆಗೆ ಹೋಗುತ್ತದೆ, ಆಫ್ ಆಗುವುದಿಲ್ಲ. ನಿದ್ದೆಯಲ್ಲಿದ್ದಾಗ ಡಿಸ್ಕ್ ತೆಗೆದರೆ ಫೈಲ್‌ಸಿಸ್ಟಮ್ ಕೆಡುತ್ತದೆ. ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ಮುಚ್ಚಳ ಮುಚ್ಚಿದಾಗ ಏನೂ ಮಾಡಬೇಡ ಎಂದು ಕೊಟ್ಟುಬಿಡಿ. ಹೊರಡುವಾಗ ಶಟ್‌ಡೌನ್ ಒತ್ತಿ. ಪರದೆ ಆರಿದ ಮೇಲೂ ಡಿಸ್ಕ್‌ನ ಸಣ್ಣ ದೀಪ ಮಿನುಗುತ್ತಾ ಇದ್ದರೆ ಕಾಯಿರಿ. ಅದು ನಿಂತ ಮೇಲೆ ಕೇಬಲ್ ತೆಗೆದು ಬ್ಯಾಗಿಗೆ ಹಾಕಿಕೊಳ್ಳಿ.